ಉಗುರಲ್ಲಿ ಬಿಚ್ಚೋ ಫೋನು ತಗೊಂಡ ಕತೆ

ಹೋದ ಸೆಪ್ಟೆಂಬರಲ್ಲಿ ಒಂದಿನ ಆಫೀಸ್ ಕ್ಯಾಂಟೀನಲ್ಲಿ ಊಟಕ್ಕೆ ಕೂತು ಫೋನ್ ಟೇಬಲ್ ಮೇಲೆ ಇಟ್ರೆ ಅದು ಮೆಲ್ಲಗೆ ಒಂದು ಸುತ್ತು ತಿರುಗ್ತು, ಬುಗುರಿ ನಿಲ್ಲೋ ಮುಂಚೆ ತಿರುಗುತ್ತಲ್ಲ ಹಂಗೆ. ಸಮ ಕೂರ್ತಾನೇ ಇಲ್ಲ. ಎತ್ತಿ ನೋಡಿದ್ರೆ ಹಿಂದಿನ ಗ್ಲಾಸು ಉಬ್ಬಿ ಒಂದು ಕಡೆ ಫ್ರೇಮಿಂದ ಎದ್ದು ಬಂದಿದೆ, ಸಂದಿಯಲ್ಲಿ ಕಪ್ಪು ಅಂಟು ಎಳೆ ಎಳೆಯಾಗಿ ಕಾಣ್ತಿದೆ, ಹಲಸಿನ ಹಣ್ಣು ಬಿಡಿಸುವಾಗ ಬರುತ್ತಲ್ಲ ಆ ಥರ. ಎದುರಿಗೆ ಕೂತಿದ್ದ ಸ್ನೇಹಿತ ಏನೂ ಮಾತಾಡದೆ ತಟ್ಟೆ ಎತ್ಕೊಂಡು ಪಕ್ಕದ ಟೇಬಲ್‌ಗೆ ಹೋದ. ಬ್ಯಾಟರಿ ಉಬ್ಬಿದೆ ಅಂತ ಅವನಿಗೂ ಗೊತ್ತಾಯ್ತು, ನನಗೂ ಗೊತ್ತಾಯ್ತು.

ನಾನಿರೋದು ನೆದರ್ಲೆಂಡ್ಸಿನ ಐಂಡ್‌ಹೋವನಲ್ಲಿ. ಊರು ಬಂಗಾರಪೇಟೆ, ಕೋಲಾರ ಜಿಲ್ಲೆ. ಊರಿನ ಹೆಸರು ಈಗಲೇ ಹೇಳಿರ್ತೀನಿ, ಯಾಕಂದ್ರೆ ಮುಂದೆ ಅದು ಬೇಕಾಗುತ್ತೆ. ಫೋನಿಗೆ ಆಗ ನಾಲ್ಕು ವರ್ಷ ಚಿಲ್ರೆ ವಯಸ್ಸು. ಅಷ್ಟೊತ್ತಿಗಾಗಲೇ ಸೆಕ್ಯುರಿಟಿ ಅಪ್‌ಡೇಟ್ ಬರೋದು ನಿಂತುಹೋಗಿತ್ತು, ಚಾರ್ಜಿಂಗ್ ಪಿನ್ ಹಾಕಿದ್ರೆ ಒಂದು ಕೋನದಲ್ಲಿ ಹಿಡ್ಕೊಂಡು ಕೂರ್ಬೇಕಿತ್ತು. ಆದ್ರೂ ಓಡ್ತಿತ್ತು. ಓಡ್ತಿರೋದನ್ನ ಯಾಕೆ ಬಿಸಾಕೋದು ಅಂತ ನಾನಿದ್ದೆ, ಅಷ್ಟರಲ್ಲಿ ಬ್ಯಾಟರಿ ಹಿಂಗ್ ಮಾಡ್ತು.

ಸಿಟಿ ಸೆಂಟರಲ್ಲಿ ಒಂದು ರಿಪೇರಿ ಅಂಗಡಿಗೆ ಹೋದೆ. ಅಲ್ಲಿದ್ದ ಹುಡುಗ ಫೋನ್ ನೋಡಿ ಹೇಳಿದ್ದು ಇಷ್ಟು: ಬ್ಯಾಟರಿಗೆ 90 ಯುರೋ, ಹಿಂದಿನ ಗ್ಲಾಸು ತೆಗೆಯುವಾಗ ಒಡೆದ್ರೆ ಅದಕ್ಕೆ ಇನ್ನೊಂದು 80, ಚಾರ್ಜಿಂಗ್ ಪೋರ್ಟು ಬೋರ್ಡಿಗೇ ಬೆಸುಗೆ ಹಾಕಿದೆ, ಅದನ್ನ ನಾವು ಮುಟ್ಟಲ್ಲ, ನೀರು ತಾಗಿದ್ರೆ ಗ್ಯಾರಂಟಿ ಇಲ್ಲ, ಪಾರ್ಟು ಬರೋಕೆ ಒಂದು ವಾರ. ಅಂದ್ರೆ ಅಪ್‌ಡೇಟ್ ಬರದೇ ಇರೋ ಫೋನಿಗೆ 170 ಯುರೋ ಹಾಕಿ, ಪಿನ್ ಮಾತ್ರ ಹಂಗೇ ಕೋನದಲ್ಲಿ ಹಿಡ್ಕೊಂಡು ಕೂರ್ಬೇಕು. ಅದೇ ಮಾಡೆಲ್ಲು ಸೆಕೆಂಡ್ ಹ್ಯಾಂಡಲ್ಲಿ ಅಷ್ಟು ಬೆಲೆನೂ ಬಾಳ್ತಿರ್ಲಿಲ್ಲ. ಸದ್ಯಕ್ಕೆ ಬ್ಯಾಟರಿ ಒಂದು ತೆಗೆದುಬಿಡಪ್ಪ ಅಂದೆ. 25 ಯುರೋ ತಗೊಂಡು ತೆಗೆದ, ಗ್ಲಾಸು ಮಾತ್ರ ಅದೃಷ್ಟಕ್ಕೆ ಒಡೀಲಿಲ್ಲ. ಬ್ಯಾಟರಿ ಇಲ್ಲದ ಫೋನನ್ನ ಒಂದು ಕವರಲ್ಲಿ ಹಾಕ್ಕೊಂಡು ಮನೆಗೆ ಬಂದೆ. ಅಲ್ಲಿಂದ ಹೊಸದು ತಗೊಳ್ಳೋವರೆಗೂ ಹೆಂಡತಿಯ ಹಳೇ ಫೋನು.

ಅಷ್ಟಕ್ಕೇ ಬಿಡೋ ಮನಸ್ಸು ಬರ್ಲಿಲ್ಲ. ನಮ್ಮ ಏರಿಯಾದ ಕಮ್ಯುನಿಟಿ ಹಾಲಲ್ಲಿ ತಿಂಗಳಿಗೊಂದು ಸಲ ರಿಪೇರಿ ಕೆಫೆ ನಡೆಯುತ್ತೆ. ಈ ರಿಪೇರಿ ಕೆಫೆ ಅನ್ನೋದು ಶುರುವಾಗಿದ್ದೇ ಈ ದೇಶದಲ್ಲಿ, 2009ರಲ್ಲಿ ಆಮ್‌ಸ್ಟರ್‌ಡ್ಯಾಮಲ್ಲಿ ಮಾರ್ಟಿನ್ ಪೊಸ್ಟ್ಮಾ ಅನ್ನೋ ಹೆಂಗಸು ಮೊದಲನೇದನ್ನ ನಡೆಸಿದ್ದು, ಈಗ ಬೇರೆ ಬೇರೆ ದೇಶದಲ್ಲೂ ಇದೆ. ಹೋದ್ರೆ ಒಂದು ಟೇಬಲ್ಲಲ್ಲಿ ಟೋಸ್ಟರು, ಒಂದರಲ್ಲಿ ಹೊಲಿಗೆ ಮಷೀನು, ಕಾಫಿ, ಕೇಕು, ಎಲ್ಲಾ ರಿಟೈರ್ ಆದ ಅಜ್ಜಂದಿರು ಕನ್ನಡಕದ ಮೇಲೊಂದು ಲೆನ್ಸ್ ಹಾಕ್ಕೊಂಡು ಕೂತಿರ್ತಾರೆ. ನಮ್ಮ ಕಡೆ ಹಬ್ಬದ ಹಿಂದಿನ ದಿನ ಟೈಲರ್ ಅಂಗಡಿ ಇರುತ್ತಲ್ಲ ಅಷ್ಟು ಗದ್ದಲ. ನನ್ನ ಸರದಿ ಬಂದಾಗ ಅಜ್ಜ ಫೋನ್ ತಿರುಗಿಸಿ ಮುರುಗಿಸಿ ನೋಡಿ, ಬೋರ್ಡಿಗೆ ಬೆಸುಗೆ ಹಾಕಿದ ಪೋರ್ಟು ಇಲ್ಲಿ ಆಗಲ್ಲ ಅಂದ್ರು. ಆಮೇಲೆ ಏನನ್ನಿಸ್ತೋ, ತಮ್ಮ ಜೇಬಿಂದ ಫೋನ್ ತೆಗೆದು, ಮೂಲೆಗೆ ಹೆಬ್ಬೆರಳಿನ ಉಗುರು ಹಾಕಿ, ಟಕ್ ಟಕ್ ಟಕ್ ಅಂತ ಹಿಂದಿನ ಮುಚ್ಚಳ ಬಿಚ್ಚಿ, ಬ್ಯಾಟರಿ ಎತ್ತಿ ನನ್ನ ಅಂಗೈ ಮೇಲೆ ಇಟ್ರು.

ಹತ್ತು ಹದಿನೈದು ವರ್ಷ ಆಗಿತ್ತು ಫೋನ್ ಬ್ಯಾಟರಿನ ಕೈಯಲ್ಲಿ ಹಿಡಿದು. ಕಾಲೇಜಲ್ಲಿ ಫೋನ್ ಹ್ಯಾಂಗ್ ಆದ್ರೆ ಬ್ಯಾಟರಿ ಕಿತ್ತು ಹಾಕ್ತಿದ್ದ ನೆನಪು ಬಂತು, ಬಿದ್ರೆ ಮೂರು ಚೂರಾಗಿ ಮುಚ್ಚಳ ಒಂದು ಕಡೆ ಬ್ಯಾಟರಿ ಒಂದು ಕಡೆ, ಜೋಡಿಸಿದ್ರೆ ಮತ್ತೆ ಓಡ್ತಿತ್ತು.

ಅಜ್ಜನ ಕೈಲಿದ್ದಿದ್ದು ಫೇರ್‌ಫೋನ್ 5. ಇಲ್ಲಿಯವರಿಗೆ ಗೊತ್ತಿರೋ ಹೆಸರು, ನಮ್ಮ ಕಡೆ ಅಷ್ಟಾಗಿ ಗೊತ್ತಿಲ್ಲ, ಇಂಡಿಯಾದಲ್ಲಿ ಮಾರಲ್ಲ. ಆಮ್‌ಸ್ಟರ್‌ಡ್ಯಾಮಿನ ಕಂಪನಿ. 2010ರಲ್ಲಿ ಶುರುವಾದಾಗ ಕಂಪನಿನೇ ಅಲ್ಲ, ಫೋನಿನೊಳಗಿರೋ ಖನಿಜ ಕಾಂಗೋದಲ್ಲಿ ಯುದ್ಧಕ್ಕೆ ದುಡ್ಡಾಗ್ತಿದೆ ಅಂತ ಜನಕ್ಕೆ ತಿಳಿಸೋ ಒಂದು ಪ್ರಚಾರ ಅಷ್ಟೆ. ಬಾಯಲ್ಲಿ ಹೇಳಿದ್ರೆ ಆಗಲ್ಲ, ನಾವೇ ಒಂದು ಫೋನ್ ಮಾಡಿ ತೋರ್ಸೋಣ ಅಂತ ಬಾಸ್ ವಾನ್ ಆಬೆಲ್ ಅನ್ನೋರು 2013ರಲ್ಲಿ ಕಂಪನಿ ಮಾಡಿದ್ರು. ಈಗ ವರ್ಷಕ್ಕೆ ಒಂದು ಲಕ್ಷದ ಆಸುಪಾಸು ಫೋನ್ ಮಾರ್ತಾರೆ. ಫೋನ್ ವ್ಯಾಪಾರದಲ್ಲಿ ಅದು ಸಂತೆಯಲ್ಲಿ ಒಂದು ಬುಟ್ಟಿ ಸೊಪ್ಪು ಇಟ್ಕೊಂಡು ಕೂತಂಗೆ.

ಮನೆಗೆ ಬಂದು ಓದೋಕೆ ಕೂತೆ. ನಾನು ತಗೊಳ್ಳೋ ಮುಂಚೆ ಎಕ್ಸೆಲ್ ಶೀಟ್ ಮಾಡೋ ಜಾತಿ, ಹೆಂಡತಿ ಇದನ್ನ ಒಂದು ಕಾಯಿಲೆ ಅಂತಾಳೆ. ಮಿಕ್ಸಿ ತಗೊಳ್ಳೋಕೂ ಶೀಟ್ ಮಾಡಿದ್ದೆ.

ದುಡ್ಡಿನ ಲೆಕ್ಕ ಮೊದಲು. ಫೇರ್‌ಫೋನ್ 5 ಬಂದಿದ್ದು 2023ರ ಆಗಸ್ಟಲ್ಲಿ, ಆಗ 699 ಯುರೋ, ನಾನು ನೋಡೋ ಹೊತ್ತಿಗೆ 500ರ ಹತ್ರ ಇಳಿದಿತ್ತು. 2025ರ ಜೂನಲ್ಲಿ ಅದರ ಮುಂದಿನದು, ಆರನೇ ತಲೆಮಾರಿಂದು, 599ಕ್ಕೆ ಬಂದಿತ್ತು. ಇದೇ ದುಡ್ಡಿಗೆ ಆಗ ಗೂಗಲಿನ ಪಿಕ್ಸೆಲ್ 9ಎ ಬರ್ತಿತ್ತು, ಕ್ಯಾಮೆರಾ ಅದರದ್ದೇ ಮೇಲು ಅಂತ ನಾನು ನೋಡಿದ ರಿವ್ಯೂಗಳೆಲ್ಲಾ ಹೇಳ್ತಿದ್ವು, ಅದಕ್ಕೂ 7 ವರ್ಷ ಅಪ್‌ಡೇಟ್ ಕೊಡ್ತೀವಿ ಅಂತಾರೆ. ಒಂದು ಕಾಲದಲ್ಲಿ ಎರಡು ಮೂರು ವರ್ಷಕ್ಕೆ ಕೈ ಎತ್ತುತಿದ್ದ ದೊಡ್ಡ ಕಂಪನಿಗಳು ಈಗ 7 ವರ್ಷ ಅಂತಿವೆ, ಅಂದ್ರೆ ಬಹಳ ದಿನ ಅಪ್‌ಡೇಟ್ ಕೊಡೋದು ಫೇರ್‌ಫೋನಿನ ಸ್ವಂತ ಸೊತ್ತೇನಲ್ಲ ಈಗ. ಇದನ್ನ ಶೀಟಲ್ಲಿ ಬರೆಯುವಾಗ ನನಗೇ ಸ್ವಲ್ಪ ಬೇಜಾರಾಯ್ತು, ಯಾಕಂದ್ರೆ ಮನಸ್ಸು ಆಗಲೇ ಆ ಟಕ್ ಟಕ್ ಶಬ್ದದ ಹಿಂದೆ ಹೋಗಿತ್ತು, ಲೆಕ್ಕ ಮಾತ್ರ ಒಪ್ತಿರ್ಲಿಲ್ಲ.

ಆದ್ರೆ ಒಂದು ವಿಷಯ ನನ್ನ ಇಂಜಿನಿಯರ್ ಕೆಲಸಕ್ಕೆ ಹತ್ತಿರದ್ದು, ಅದನ್ನ ಓದಿದಾಗ ಖುಷಿಯಾಯ್ತು. ಫೋನಿಗೆ ಅಪ್‌ಡೇಟ್ ನಿಲ್ಲೋದಕ್ಕೆ ಬರೀ ಫೋನ್ ಕಂಪನಿ ಕಾರಣ ಅಲ್ಲ, ಒಳಗಿರೋ ಚಿಪ್ ಮಾಡಿದವರು ಡ್ರೈವರ್, ಅಂದ್ರೆ ಆ ಚಿಪ್ಪನ್ನ ಓಡಿಸೋ ಸಾಫ್ಟ್‌ವೇರ್, ಕೊಡೋದು ನಿಲ್ಸಿದ್ರೆ ಹೊಸ ಆಂಡ್ರಾಯ್ಡ್ ಹಾಕೋದು ಬಹಳ ಕಷ್ಟ. ಫೇರ್‌ಫೋನ್ 2ರಲ್ಲಿ ಇವರು ಆ ಕಷ್ಟನ ಅನುಭವಿಸಿದ್ರು, ಚಿಪ್ ಕಡೆಯಿಂದ ಸಪೋರ್ಟ್ ಇಲ್ಲದೆ ಹೆಣಗಾಡ್ಕೊಂಡು 2015ರ ಫೋನನ್ನ 2023ರವರೆಗೆ ಎಳ್ಕೊಂಡು ಬಂದ್ರು. ಅದಕ್ಕೇ ಐದರಲ್ಲಿ ಒಂದು ಉಪಾಯ ಮಾಡಿದ್ರು, ಫೋನಿನ ಚಿಪ್ಪೇ ಬೇಡ ಅಂತ ಕ್ವಾಲ್ಕಾಮ್ ಅನ್ನೋ ಚಿಪ್ ಕಂಪನಿಯ ಕ್ಯೂಸಿಎಂ6490 ಹಾಕಿದ್ರು, ಅದು ಫ್ಯಾಕ್ಟರಿ ಸಾಮಾನಿಗೆ, ಸ್ಕ್ಯಾನರಿಗೆ ಅಂತ ಇರೋ ಚಿಪ್ಪು. ಫ್ಯಾಕ್ಟರಿ ಗಿರಾಕಿ ಎರಡು ವರ್ಷಕ್ಕೆ ಮಷೀನ್ ಬದಲಾಯ್ಸಲ್ಲ, ಹಂಗಾಗಿ ಅಂಥ ಚಿಪ್ಪಿಗೆ ಬಹಳ ವರ್ಷ ಸಪೋರ್ಟ್ ಇರುತ್ತೆ. ಅದರಿಂದ 2031ರವರೆಗೆ ಅಪ್‌ಡೇಟ್ ಅಂತ ಧೈರ್ಯವಾಗಿ ಹೇಳಿದ್ರು. ಸ್ಪೀಡು ಮಧ್ಯಮ. ನಾನು ಗೇಮ್ ಆಡಲ್ಲ, ವಾಟ್ಸಾಪು, ಮ್ಯಾಪು, ರೈಲಿನ ಟೈಮು, ಅಷ್ಟೆ.

ಆಮೇಲೆ ಕಷ್ಟದ ಭಾಗಕ್ಕೆ ಬಂದೆ, ಈ ‘ಫೇರ್’, ಅಂದ್ರೆ ನ್ಯಾಯವಾದದ್ದು, ಅನ್ನೋ ಪದಕ್ಕೆ.

ಇದನ್ನ ಇಲ್ಲಿನ ಸಹೋದ್ಯೋಗಿಗಳ ಹತ್ರ ಮಾತಾಡಿದ್ರೆ ಅವರಿಗೆ ಗಣಿ ಅಂದ್ರೆ ಆಫ್ರಿಕಾ, ಫ್ಯಾಕ್ಟರಿ ಅಂದ್ರೆ ಚೀನಾ, ಎಲ್ಲೋ ದೂರ. ನನಗೆ ಎರಡೂ ನಮ್ಮ ಜಿಲ್ಲೆಯಲ್ಲೇ ಇತ್ತು. ಬಂಗಾರಪೇಟೆ ಜಂಕ್ಷನ್‌ನಿಂದ ಮಾರಿಕುಪ್ಪಂ ಕಡೆ ಹೋಗೋ ಲೈನು ಇರೋದೇ ಕೋಲಾರದ ಚಿನ್ನದ ಗಣಿಗೋಸ್ಕರ. ಮೂರು ಕಿಲೋಮೀಟರಿಗಿಂತ ಆಳ ಇಳಿದಿದ್ದ ಗಣಿ, ಪ್ರಪಂಚದ ಆಳವಾದ ಗಣಿಗಳ ಪೈಕಿ ಒಂದು. 2001ರ ಫೆಬ್ರವರಿ 28ಕ್ಕೆ ಮುಚ್ಚಿದಾಗ ನಾನು ಎಂಟನೇ ಕ್ಲಾಸು. ನಮ್ಮ ಬೀದಿಯಲ್ಲಿ ಗಣಿಯಲ್ಲಿ ಕೆಲಸ ಮಾಡಿದ್ದ ಒಬ್ರು ತಾತ ಇದ್ರು, ರಾತ್ರಿಯೆಲ್ಲಾ ಕೆಮ್ಮೋರು, ಆ ಕೆಮ್ಮು ಕೇಳ್ಕೊಂಡೇ ನಾವು ಪರೀಕ್ಷೆಗೆ ಓದಿದ್ದು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತ್ಕೊಳ್ಳೋ ಕಾಯಿಲೆ. ಇವತ್ತಿಗೂ ಕೆಜಿಎಫಲ್ಲಿ ಸೈನೈಡ್ ಗುಡ್ಡ ಅಂತ ಇದೆ, ಚಿನ್ನ ತೆಗೆದು ಮಿಕ್ಕ ಪುಡಿ ಮಣ್ಣಿನ ರಾಶಿ, ಗಾಳಿ ಬಂದ್ರೆ ಊರೊಳಗೆ ಬರುತ್ತೆ. ಒಂದು ಫೋನಿನಲ್ಲಿ ಇರೋ ಚಿನ್ನ ಒಂದು ಗ್ರಾಮಿನ ನೂರರಲ್ಲಿ ಕೆಲವೇ ಪಾಲು, ಮೂಗುಬೊಟ್ಟಿಗೂ ಸಾಲಲ್ಲ, ಆದ್ರೆ ಅದನ್ನ ಯಾರೋ ಒಬ್ರು ಇಳಿದೇ ತೆಗೀಬೇಕು.

ಇನ್ನೊಂದು ನರಸಾಪುರ. ಕೋಲಾರ ಹೈವೇಲಿ ಹೋಗೋರೆಲ್ಲಾ ನೋಡಿರ್ತೀರ, ಐಫೋನ್ ಜೋಡಿಸೋ ಫ್ಯಾಕ್ಟರಿ. 2020ರ ಡಿಸೆಂಬರ್ 12ರ ಬೆಳಗ್ಗೆ ರಾತ್ರಿ ಶಿಫ್ಟ್ ಮುಗಿಸಿ ಬಂದ ಕಾರ್ಮಿಕರು ಅದನ್ನ ಒಡೆದು ಹಾಕಿದ್ರಲ್ಲ, ಆಗ ಅದು ವಿಸ್ಟ್ರಾನ್ ಅನ್ನೋ ತೈವಾನ್ ಕಂಪನಿದು. ಹೇಳಿದ ಸಂಬಳಕ್ಕೂ ಕೈಗೆ ಬಂದ ಸಂಬಳಕ್ಕೂ ತಾಳೆ ಇಲ್ಲ, ಶಿಫ್ಟು 8 ಗಂಟೆ ಇದ್ದದ್ದು 12 ಆಯ್ತು, ಓವರ್‌ಟೈಮ್ ದುಡ್ಡು ಬಂದಿಲ್ಲ ಅನ್ನೋದು ಅವರ ದೂರು. ಆಮೇಲೆ ಆಪಲ್ ಕಂಪನಿನೂ ತನಿಖೆ ಮಾಡಿ ತಪ್ಪಾಗಿದೆ ಅಂತ ಒಪ್ಕೊಂಡು, ಸರಿಮಾಡೋವರೆಗೂ ವಿಸ್ಟ್ರಾನಿಗೆ ಹೊಸ ಆರ್ಡರ್ ಕೊಡಲ್ಲ ಅಂತು, 2023ರಲ್ಲಿ ಫ್ಯಾಕ್ಟರಿ ಟಾಟಾಗೆ ಹೋಯ್ತು. ನಮ್ಮ ಕಡೆ ಹಳ್ಳಿಗಳಿಂದ ಬೆಳಗಿನ ಜಾವ ಬಸ್ ಹತ್ಕೊಂಡು ಹೋಗ್ತಿದ್ದ ಹುಡುಗ ಹುಡುಗೀರು ಅವರು. ನಮ್ಮ ಚಿಕ್ಕಪ್ಪನ ಮಗನ ಕ್ಲಾಸ್‌ಮೇಟ್‌ಗಳೂ ಅಲ್ಲಿದ್ರು. ಅವತ್ತು ಟೀವಿಲಿ ಗಾಜು ಒಡೆಯೋದನ್ನ ತೋರ್ಸಿದ್ದೇ ತೋರ್ಸಿದ್ದು, ಸಂಬಳದ ಚೀಟಿ ತೋರ್ಸಿದ್ದು ಬಹಳ ಕಮ್ಮಿ.

ಹಂಗಾಗಿ ‘ಫೇರ್’ ಅನ್ನೋದನ್ನ ನಾನು ಪ್ರಶ್ನೆ ಮಾಡ್ಕೊಂಡೇ ಓದಿದೆ. ಏನು ಮಾಡ್ತಾರಪ್ಪ ಇವರು ನಿಜವಾಗಿ? ಚಿನ್ನಕ್ಕೆ 2016ರಲ್ಲಿ ಫೇರ್‌ಟ್ರೇಡ್ (ಗಣಿಯವರಿಗೆ ನ್ಯಾಯವಾದ ಬೆಲೆ ಸಿಗ್ಲಿ ಅಂತ ಇರೋ ವ್ಯವಸ್ಥೆ) ಸರ್ಟಿಫಿಕೇಟ್ ಇರೋ ಗಣಿ ಚಿನ್ನನ ಫೋನ್ ಸಪ್ಲೈಗೆ ಸೇರಿಸಿದ ಮೊದಲ ಕಂಪನಿ ಇವರದ್ದು. ಬ್ಯಾಟರಿಗೆ ಬೇಕಾಗೋ ಕೋಬಾಲ್ಟ್ ಲೋಹ ಪ್ರಪಂಚದಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಬರೋದು ಕಾಂಗೋದಿಂದ, ಅದರಲ್ಲಿ ಒಂದಷ್ಟು ಕೈಯಲ್ಲೇ ಗುಂಡಿ ತೋಡಿ ತೆಗೆಯೋದು, ಆ ಗುಂಡಿ ಕುಸಿದು ಜನ ಸಾಯ್ತಾರೆ. ಬಹಳ ಕಂಪನಿಗಳು ಮಾಡೋದೇನಂದ್ರೆ ಅಂಥ ಕಡೆಯಿಂದ ನಾವು ತಗೊಳ್ಳೋದೇ ಇಲ್ಲ ಅಂದು ಕೈ ತೊಳ್ಕೊಳ್ಳೋದು. ಇವರು 2020ರಲ್ಲಿ ಇನ್ನೂ ಕೆಲವರ ಜೊತೆ ಸೇರಿ ಫೇರ್ ಕೋಬಾಲ್ಟ್ ಅಲಯನ್ಸ್ ಅಂತ ಮಾಡಿ, ಕಾಂಗೋದ ಕೊಲ್ವೇಜಿಯಲ್ಲಿ ಆ ಕೈಗಣಿಯವರ ಜೊತೆನೇ ಕೆಲಸ ಮಾಡೋದು, ಸುರಕ್ಷತೆ ಸುಧಾರ್ಸೋದು, ಮಕ್ಕಳನ್ನ ಗುಂಡಿಯಿಂದ ಸ್ಕೂಲಿಗೆ ಕಳಿಸೋದು ಅಂತ ಹೊರಟ್ರು. ಇದು ನನಗೆ ಸರಿ ಅನ್ನಿಸ್ತು. ಗಣಿ ಮುಚ್ಚಿದ್ರೆ ಊರಿಗೆ ಏನಾಗುತ್ತೆ ಅಂತ ಕೆಜಿಎಫ್ ನೋಡಿದವರಿಗೆ ಹೇಳ್ಬೇಕಾಗಿಲ್ಲ, ಧೂಳು ಹಂಗೇ ಇರುತ್ತೆ, ಸಂಬಳ ಮಾತ್ರ ಹೋಗುತ್ತೆ, ಬೆಳಗ್ಗೆ ಟ್ರೈನು ತುಂಬಾ ಜನ ಬೆಂಗಳೂರಿಗೆ ಕೂಲಿಗೆ ಹೋಗ್ತಾರೆ.

ಚೀನಾದ ಫ್ಯಾಕ್ಟರಿಯಲ್ಲಿ ಕೆಲಸಗಾರರಿಗೆ ಸಂಬಳದ ಮೇಲೆ ಬೋನಸ್ ಕೊಡ್ತಾರೆ, ಸಂಬಳಕ್ಕೂ ಒಂದು ಕುಟುಂಬ ಮರ್ಯಾದೆಯಾಗಿ ಬದುಕೋಕೆ ಬೇಕಾದ ದುಡ್ಡಿಗೂ ಇರೋ ಅಂತರ ತುಂಬೋಕೆ. ಫೋನೊಂದಕ್ಕೆ ಹಂಚಿದ್ರೆ ಅದು ಕೆಲವೇ ಯುರೋ. ಇದನ್ನ ಓದಿ ನನಗೆ ಸಮಾಧಾನ ಆಗೋ ಬದಲು ಸಿಟ್ಟು ಬಂತು. ಇಷ್ಟು ಕಮ್ಮಿ ದುಡ್ಡಲ್ಲಿ ಆಗೋದಾದ್ರೆ ಸಾವಿರ ಯುರೋ ಫೋನಿನವರಿಗೆ ಏನು ಕಷ್ಟ? ಒಂದು ಕಾಫಿ ದುಡ್ಡು.

ಆದ್ರೆ ಇದೆಲ್ಲಾ ಕಾಗದದ ಮೇಲಿರೋದು. 70 ಪರ್ಸೆಂಟಿಗಿಂತ ಜಾಸ್ತಿ ‘ಫೇರ್ ಅಥವಾ ರೀಸೈಕಲ್ ಆದ’ ವಸ್ತು ಅಂತ ಹಾಕಿದ್ದಾರಲ್ಲ, ಸಣ್ಣಕ್ಷರ ಓದಿದ್ರೆ ಅದು ಪೂರ್ತಿ ಫೋನಿಗಲ್ಲ, ಅವರೇ ಆರಿಸ್ಕೊಂಡ 14 ವಸ್ತುಗಳ ಲೆಕ್ಕ. ಸುಳ್ಳೇನಲ್ಲ, ಅವರೇ ಬಿಡಿಸಿ ಹೇಳಿದ್ದಾರೆ, ನೂರಕ್ಕೆ ನೂರು ಫೇರ್ ಫೋನ್ ಅನ್ನೋದು ಇಲ್ಲ ಅಂತಾನೂ ಅವರೇ ಹೇಳ್ತಾರೆ. ಆದ್ರೂ ನಾನು ಹೋಗಿ ನೋಡೋಕಾಗಲ್ಲ. ನರಸಾಪುರದ್ದೂ ಕಾಗದದ ಮೇಲೆ ಎಲ್ಲಾ ಸರಿಯಾಗೇ ಇದ್ದಿರ್ಬೇಕು, ಆಪಲಿಗೂ ಸಪ್ಲೈಯರ್ ನಿಯಮಗಳ ಪುಸ್ತಕನೇ ಇತ್ತು.

ಈ ಹೊತ್ತಿಗೆ ಮೂರು ವಾರ ಆಗಿತ್ತು. ಹೆಂಡತಿ ಒಂದಿನ ರಾತ್ರಿ ಪಾತ್ರೆ ಒರೆಸ್ತಾ, "ರೀ, ನಿಮಗೆ ಯಾವುದು ಗೊತ್ತಾಗುತ್ತೋ ಅದಕ್ಕೆ ದುಡ್ಡು ಕೊಡಿ, ಗೊತ್ತಾಗದೇ ಇರೋದನ್ನ ಎಷ್ಟು ಓದಿದ್ರೂ ಅಷ್ಟೆ. ನನ್ನ ಹಳೇ ಫೋನ್ ವಾಪಸ್ ಕೊಡಿ, ಪಾಪುಗೆ ರೈಮ್ಸ್ ಹಾಕ್ಬೇಕು" ಅಂದ್ಲು. ಮೂರು ವಾರದ ಎಕ್ಸೆಲ್ ಶೀಟು ಪಾತ್ರೆ ಒರೆಸೋ ಹೊತ್ತಲ್ಲಿ ಮುಗೀತು.

ನನಗೆ ಗೊತ್ತಾಗೋದು ಅಂದ್ರೆ ಉಗುರು ಹಾಕಿದ್ರೆ ಬಿಚ್ಚುತ್ತಾ ಇಲ್ವಾ ಅನ್ನೋದು, ಪಾರ್ಟಿನ ಬೆಲೆ ಎಷ್ಟು ಅನ್ನೋದು. ಅದನ್ನ ನೋಡಿದೆ. ಬ್ಯಾಟರಿ 40 ಯುರೋ, ಚಾರ್ಜಿಂಗ್ ಪೋರ್ಟು 20, ಡಿಸ್‌ಪ್ಲೇ 100, ಎಲ್ಲಾ ನಾವೇ ತರಿಸ್ಕೊಂಡು ಹಾಕ್ಕೊಳ್ಳೋದು. ನನ್ನ ಹಳೇ ಫೋನು ಸತ್ತಿದ್ದು ಬರೀ ಬ್ಯಾಟರಿ ಮತ್ತೆ ಪೋರ್ಟಿಂದ, ಅಂದ್ರೆ ಇಲ್ಲಿ 60 ಯುರೋದಲ್ಲಿ ಮುಗೀತಿತ್ತು. ಫೋನ್ ಬಿಚ್ಚಿ ನೋಡಿ ರಿಪೇರಿ ಎಷ್ಟು ಸುಲಭ ಅಂತ ಅಂಕ ಕೊಡೋ ಐಫಿಕ್ಸಿಟ್‌ನವರು ಇದಕ್ಕೆ ಹತ್ತಕ್ಕೆ ಹತ್ತು ಕೊಟ್ಟಿದ್ದಾರೆ. ಐದು ವರ್ಷ ವಾರಂಟಿ. ಫೋನಿನಿಂದ ಆಗೋ ಮಾಲಿನ್ಯದಲ್ಲಿ ಮುಕ್ಕಾಲು ಪಾಲು ಅದನ್ನ ತಯಾರಿಸುವಾಗಲೇ ಆಗಿಹೋಗಿರುತ್ತೆ, ಹಂಗಾಗಿ ಎರಡು ಫೋನಿನ ಆಯಸ್ಸು ಒಂದರಲ್ಲಿ ತಳ್ಳಿದ್ರೆ ಅದೇ ದೊಡ್ಡ ಉಳಿತಾಯ.

ಐದಾ ಆರಾ ಅನ್ನೋದು ಒಂದು ದಿನದ ಜಗಳ. ಆರು ಹಗುರ, 193 ಗ್ರಾಮ್, ಚಿಕ್ಕದು, 2033ರವರೆಗೆ ಅಪ್‌ಡೇಟ್. ಐದು 212 ಗ್ರಾಮ್, ಶರ್ಟ್ ಜೇಬಿಗೆ ಹಾಕಿದ್ರೆ ಜೇಬು ಜೋತು ಬೀಳುತ್ತೆ. ಆದ್ರೆ ಆರರಲ್ಲಿ ಹಿಂದಿನ ಮುಚ್ಚಳಕ್ಕೂ ಸ್ಕ್ರೂ, ಬ್ಯಾಟರಿಗೂ ಸ್ಕ್ರೂ. ಫೋನ್ ತೆಳ್ಳಗೆ ಗಟ್ಟಿಯಾಗಿ ಇರ್ಬೇಕಂದ್ರೆ ಹಂಗೇ ಮಾಡ್ಬೇಕಾಗುತ್ತೆ, ಇಂಜಿನಿಯರ್ ಆಗಿ ನನಗೆ ಅರ್ಥ ಆಗುತ್ತೆ, ಎರಡು ನಿಮಿಷದ ಕೆಲಸ ಅದೂ. ಆದ್ರೆ ನಾನು ಮನಸೋತಿದ್ದು ಉಗುರಿಗೆ. ಐದನ್ನೇ ತಗೊಂಡೆ, ಒಳಗೆಲ್ಲಾ ಕಾಣೋ ಪಾರದರ್ಶಕ ಮುಚ್ಚಳದ್ದು. ಹೆಡ್‌ಫೋನ್ ತೂತಿಲ್ಲ, ವೈರ್‌ಲೆಸ್ ಚಾರ್ಜಿಂಗ್ ಇಲ್ಲ, ನೀರು ಚಿಮ್ಮಿದ್ರೆ ಪರವಾಗಿಲ್ಲ ಆದ್ರೆ ಬಕೆಟ್‌ಗೆ ಬಿದ್ರೆ ದೇವರೇ ಗತಿ. ಇಲ್ಲಿನ ಮಳೇಲಿ ಸೈಕಲ್ ಹ್ಯಾಂಡಲ್ ಮೇಲೆ ಇಟ್ಕೊಂಡು ಹೋಗೋಕೆ ಅಷ್ಟು ಸಾಕು.

ಬಂದ ದಿನಾನೇ ಇಂಡಿಯಾ ಸಿಮ್ಮಿನ ಪ್ರಹಸನ. ಹೊರಗಿರೋ ನಮ್ಮವರಿಗೆಲ್ಲಾ ಗೊತ್ತಿರುತ್ತೆ, ಬ್ಯಾಂಕ್ ಓಟಿಪಿಗೋಸ್ಕರ ಊರಿನ ನಂಬರ್ ಜೀವಂತ ಇಟ್ಕೊಳ್ಳೋದು ಒಂದು ಸಂಸಾರ ನಡೆಸಿದಂಗೆ. ಡಚ್ ನಂಬರ್ ಇ-ಸಿಮ್ ಮಾಡ್ಕೊಂಡೆ, ಇಂಡಿಯಾ ಸಿಮ್ ಸ್ಲಾಟಿಗೆ ಹಾಕಿದೆ. ಆ ಸ್ಲಾಟ್‌ಗೆ ಕೈ ಹೋಗ್ಬೇಕಂದ್ರೆ ಬ್ಯಾಟರಿ ತೆಗೀಬೇಕು. ನನ್ನ ಬ್ಯಾಂಕಿನ ಆಪು ಹೊಸ ಫೋನ್ ನೋಡಿ ಈ ಸಿಮ್ ಇಲ್ಲ ಅಂತು, ಇದೆ ಅಂದೆ, ಎಸ್ಸೆಮ್ಮೆಸ್ ಹೋಗ್ತಿಲ್ಲ ಅಂತು, ಸಿಮ್ ತೆಗೆದು ಹಾಕಿ ಅಂತು. ಸಂಜೆಯೊಳಗೆ ಬ್ಯಾಟರಿ ಆರು ಸಲ ಹೊರಗೆ ಬಂತು. ಕಸ್ಟಮರ್ ಕೇರಿನವರು ಕೊನೆಗೆ ಹೇಳಿದ್ದು, ಸರ್ ಬ್ರಾಂಚಿಗೆ ಬಂದುಬಿಡಿ ಅಂತ. ಐಂಡ್‌ಹೋವನಿಂದ ಬಂಗಾರಪೇಟೆ ಬ್ರಾಂಚಿಗೆ. ಮಾರನೇ ದಿನ ಏನೂ ಮಾಡದೆ ತಾನೇ ಸರಿಹೋಯ್ತು.

ಡಿಸೆಂಬರಲ್ಲಿ ಸೈಕಲ್ ನಿಲ್ಸೋವಾಗ ಕೈ ಮರಗಟ್ಟಿ ಜಾರಿಸಿಬಿಟ್ಟೆ, ಮುಖ ಕೆಳಗೆ ಮಾಡ್ಕೊಂಡು ಇಟ್ಟಿಗೆ ನೆಲಕ್ಕೆ ಬಿತ್ತು. ಎತ್ತಿ ನೋಡೋ ಮುಂಚೆನೇ ಗೊತ್ತಾಯ್ತು. ಡಿಸ್‌ಪ್ಲೇ ತರಿಸ್ದೆ, ಶನಿವಾರ ಊಟ ಆದ್ಮೇಲೆ ಟೇಬಲ್ ಮೇಲೆ ಬಿಳೀ ಟವೆಲ್ ಹಾಸಿ ಕೂತೆ. ಮುಚ್ಚಳ, ಬ್ಯಾಟರಿ, ಆಮೇಲೆ ಸಾದಾ ಸ್ಟಾರ್ ಸ್ಕ್ರೂಡ್ರೈವರಲ್ಲಿ ಸ್ಕ್ರೂಗಳು. ಮಗಳಿಗೆ ಐದು ವರ್ಷ, ಒಂದೊಂದು ಸ್ಕ್ರೂ ತಗೊಂಡು ಉಪ್ಪಿನಕಾಯಿ ಬಟ್ಟಲಲ್ಲಿ ಹಾಕೋದು ಅವಳ ಕೆಲಸ. ಅವು ಎಳ್ಳು ಕಾಳಿಗಿಂತ ಸ್ವಲ್ಪ ದಪ್ಪ. ಹಳೇ ಡಿಸ್‌ಪ್ಲೇ ಬಿಡಿಸಿ ಹೊಸದು ಕೂರ್ಸಿ ಮತ್ತೆ ಸ್ಕ್ರೂ ಹಾಕ್ತಾ ಬಂದ್ರೆ ಕೊನೇಲಿ ಒಂದು ಕಮ್ಮಿ. ಬಟ್ಟಲಲ್ಲಿಲ್ಲ, ಟವೆಲಲ್ಲಿಲ್ಲ. ಮೂರು ಜನನೂ ನೆಲದ ಮೇಲೆ ಮಂಡಿ ಊರಿ ಹುಡುಕಿದ್ವಿ, ಕೊನೆಗೆ ಫ್ರಿಜ್ಜಿನ ಮ್ಯಾಗ್ನೆಟ್ ತಂದು ಕಾರ್ಪೆಟ್ ಮೇಲೆ ಎಳೆದ್ರೆ ಮಗಳ ಗೊಂಬೆ ಕಾಲಿನ ಹತ್ರ ಅಂಟ್ಕೊಂಡು ಬಂತು. ಹುಡುಕಾಟ ಬಿಟ್ರೆ ಕೆಲಸ ಇಪ್ಪತ್ತು ನಿಮಿಷ. ಆನ್ ಆದಾಗ ಮಗಳು ಚಪ್ಪಾಳೆ ಹೊಡೆದ್ಲು, ನಾನು ಹೊಡೀಲಿಲ್ಲ ಅಷ್ಟೆ.

ಸಂಕ್ರಾಂತಿಗೆ ಊರಿಗೆ ಹೋದ್ವಿ. ಬ್ಯಾಟರಿ ಇಲ್ಲದ ಹಳೇ ಫೋನನ್ನೂ ಸೂಟ್‌ಕೇಸಲ್ಲಿ ಹಾಕ್ಕೊಂಡಿದ್ದೆ. ಅಮ್ಮ ಹೊಸ ಫೋನ್ ಬೆಲೆ ಕೇಳಿ, 50 ಸಾವಿರನಾ, ಇದರ ಹಿಂಭಾಗ ಯಾಕೋ ಮುಚ್ಚೇ ಇಲ್ವಲ್ಲೋ ಅಂದ್ರು. ಬಂಗಾರಪೇಟೆ ಬಜಾರಲ್ಲಿ ಒಂದು ಮೊಬೈಲ್ ಅಂಗಡಿ, ಎರಡು ಜನ ನಿಂತ್ರೆ ಮೂರನೇವರಿಗೆ ಜಾಗ ಇಲ್ಲ, ಒಳಗೆ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ. ಹಳೇದನ್ನ ಕೊಟ್ಟು ವಿಷಯ ಹೇಳಿದೆ. ಅವನು ಅದನ್ನ ಬಿಸಿ ಪ್ಲೇಟಿನ ಮೇಲೆ ಇಟ್ಟ, ಟೀ ಕುಡಿದ, ಹಳೇ ಎಕ್ಸ್‌ರೇ ಫಿಲ್ಮಿನ ಚೂರನ್ನ ಸಂದಿಗೆ ತೂರಿಸಿ ಬಿರಿಯಾನಿ ಪಾತ್ರೆ ಮುಚ್ಚಳದ ಹಿಟ್ಟು ಬಿಡಿಸಿದಂಗೆ ಸುತ್ತಲೂ ಎಳೆದ, ಗ್ಲಾಸು ಚೂರೂ ಮುಕ್ಕಾಗದೆ ಬಂತು. ಮೈಕ್ರೋಸ್ಕೋಪ್ ಕೆಳಗೆ ಪೋರ್ಟು ಕಿತ್ತು ಹೊಸದು ಬೆಸುಗೆ ಹಾಕಿದ. ಬ್ಯಾಟರಿ ಹಾಕಿದ. ಒಂದು ಗಂಟೆನೂ ಆಗ್ಲಿಲ್ಲ, 1,800 ರೂಪಾಯಿ. ಆ ರಿಪೇರಿ ಅಂಗಡಿ, ಆ ಅಜ್ಜಂದಿರು, ಯಾರೂ ಮುಟ್ಟದೇ ಇದ್ದ ಪೋರ್ಟು. ಅದೀಗ ಅಪ್ಪನ ಕೈಲಿದೆ, ಅಪ್‌ಡೇಟ್ ಬರಲ್ಲ ಅಂತ ಬ್ಯಾಂಕ್ ಆಪ್ ಹಾಕಿಲ್ಲ, ಬರೀ ಯೂಟ್ಯೂಬು ಮತ್ತೆ ಹರಿಕಥೆ.

ದುಡ್ಡು ಕೊಡೋವಾಗ ಹುಡುಗ ನನ್ನ ಕೈಲಿದ್ದದ್ದು ನೋಡಿ, "ಅಣ್ಣ, ಅದೇನು ಒಳಗೆಲ್ಲಾ ಕಾಣ್ತೈತೆ?" ಅಂದ. ನಾನು ರಿಪೇರಿ ಕೆಫೆ ಅಜ್ಜನ ಥರಾನೇ ಉಗುರು ಹಾಕಿ ಬಿಚ್ಚಿ, ಬ್ಯಾಟರಿ ತೆಗೆದು ಅವನ ಅಂಗೈಗೆ ಇಟ್ಟೆ. ಹೆಮ್ಮೆ ಇರ್ಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಅವನು ತಿರುಗಿಸಿ ನೋಡಿದ, ಕನೆಕ್ಟರ್ ನೋಡಿದ, ಸ್ಕ್ರೂ ನೋಡಿದ.

"ಚೆನ್ನಾಗ್ ಮಾಡವ್ರೆ. ಪಾರ್ಟು ಎಲ್ ಸಿಗುತ್ತಣ್ಣ?"

"ಅಲ್ಲೇ, ಯುರೋಪಲ್ಲಿ. ಇಲ್ಲಿಗೆ ಕಳಿಸಲ್ಲ."

"ಬೆಂಗಳೂರು ಎಸ್‌ಪಿ ರೋಡಲ್ಲೂ ಇರಲ್ವಾ?"

"ಇಲ್ಲಿ ಈ ಫೋನೇ ಮಾರಲ್ಲಪ್ಪ."

"ಹಂಗಾದ್ರೆ ಇದು ಇಲ್ ಕೆಟ್ರೆ ರಿಪೇರಿನೇ ಆಗಲ್ಲ ಬುಡಣ್ಣ."

ನನಗೆ ಇವರ ಮೊದಲನೇ ಫೋನಿನ ಕತೆ ನೆನಪಾಯ್ತು, 2013ರದ್ದು, 2017ಕ್ಕೆ ಪಾರ್ಟ್ ಸಿಗದೆ ಕಂಪನಿನೇ ಸಪೋರ್ಟ್ ನಿಲ್ಸಿದ್ದು. ಅದನ್ನ ಶೀಟಲ್ಲಿ ಬರ್ಕೊಂಡಿದ್ದೆ, ಕೆಂಪು ಬಣ್ಣ ಹಾಕಿ. ಹುಡುಗನಿಗೆ ಹೇಳ್ಲಿಲ್ಲ. ಅವನು ಬ್ಯಾಟರಿ ವಾಪಸ್ ಕೂರ್ಸಿ, ಮುಚ್ಚಳ ಒತ್ತಿ, ಮತ್ತೆ ಮೂಲೆಗೆ ಉಗುರು ಹಾಕಿ ಬಿಚ್ಚಿದ. ಮತ್ತೆ ಒತ್ತಿದ, ಮತ್ತೆ ಬಿಚ್ಚಿದ. "ಈ ಸೌಂಡು ಮಾತ್ರ ಸೂಪರಾಗೈತೆ" ಅಂದ. ಅಷ್ಟರಲ್ಲಿ ಒಬ್ಬ ಹೆಂಗಸು ಸೀರೆ ಸೆರಗಲ್ಲಿ ಒದ್ದೆ ಫೋನ್ ಸುತ್ಕೊಂಡು, ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೆ ಕಣಪ್ಪ ಆದ್ರೂ ಆನ್ ಆಗ್ತಿಲ್ಲ ಅಂತ ಬಂದ್ರು, ಅವನು ನನ್ನದನ್ನ ನನ್ನ ಕೈಗಿಟ್ಟು ಅವರ ಕಡೆ ತಿರುಗಿದ.